ಬಾಟಲಿಯೊಳಗಿನ ಮಳೆಗಾಲ

ನಾಲ್ಕು ವರ್ಷದ ಹಿಂದೆ, ಆರಿದ್ರಾ ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಒಂದು ಗಾಜಿನ ಬಾಟಲಿ ಬಂತು. ತಳದಲ್ಲಿ ಎರಡು ಬೆರಳು ದಪ್ಪ ಹಲ್ವದಂಥ ಪದಾರ್ಥ. ಅದರ ಮೇಲೆ ಒತ್ತೊತ್ತಾಗಿ ನಿಂತ 23 ಸಸಿ. ಅಮ್ಮ ಬೆಳಕಿಗೆ ಹಿಡಿದು ನೋಡಿ, "ಇದೇನು, ಭತ್ತದ ಅಗೆನ ಬಾಟ್ಲಿಲಿ ಹಾಕಿದಾರೆ?" ಎಂದರು.

ಅಗೆಯಲ್ಲ, ಆರ್ಕಿಡ್. ನಮಗೆ ಆರ್ಕಿಡ್ ಅಂದರೆ ಮರದಿಂದ ಜೋತು ಬೀಳುವ ಸೀತಾಳೆ ದಂಡೆ. ಇದು ಮಣ್ಣಲ್ಲಿ ನಿಲ್ಲುವ ಜಾತಿ. ನರ್ಸರಿಯಲ್ಲಿ ಗ್ರೌಂಡ್ ಆರ್ಕಿಡ್ ಅಂತಾರೆ, ಶಾಸ್ತ್ರದ ಹೆಸರು ಸ್ಪ್ಯಾಥೊಗ್ಲಾಟಿಸ್ ಪ್ಲಿಕೇಟಾ. ಪ್ಲಿಕೇಟಾ ಅಂದರೆ ಮಡಿಕೆ ಮಡಿಕೆಯಾದದ್ದು. ಎಲೆ ನೋಡಿದರೆ ಅಡಿಕೆ ಸಸಿಯೇ ಅನ್ನಬೇಕು, ಹಾಗೆ ನೆರಿಗೆ ಹಿಡಿದಿರುತ್ತದೆ. ಆಗ್ನೇಯ ಏಷ್ಯಾದಿಂದ ಪೆಸಿಫಿಕ್ ದ್ವೀಪಗಳ ತನಕ ಹರಡಿದ ಗಿಡ ಇದು. 1883ರಲ್ಲಿ ಕ್ರಾಕಟೋವ ಜ್ವಾಲಾಮುಖಿ ಸಿಡಿದು ದ್ವೀಪವೆಲ್ಲ ಬೂದಿಯಾದ ಮೇಲೆ, ಬೇಗ ಮರಳಿ ಬಂದ ಗಿಡಗಳಲ್ಲಿ ಇದೂ ಒಂದು. ಬೂದಿಯಲ್ಲೇ ಬೆಳೆದದ್ದು ನಮ್ಮ ಅಂಗಳದಲ್ಲಿ ಬೆಳೆಯದೇ ಇರುತ್ತಾ ಅಂದುಕೊಂಡೆ.

ಅಷ್ಟು ದೂರ ಹಾರಿದ್ದು ಬೀಜದ ಬಲದಿಂದ. ಅದು ಬೀಜ ಅನ್ನುವುದಕ್ಕಿಂತ ಧೂಳು. ಒಂದು ಗ್ರಾಂಗೆ ಲಕ್ಷಗಟ್ಟಲೆ ಬರುತ್ತದೆ. ರಾಗಿ ಕಾಳಿನೊಳಗೂ ಮೊಳಕೆಗೆ ಅಂತ ಒಂದಿಷ್ಟು ಹಿಟ್ಟು ಕಟ್ಟಿಟ್ಟಿರುತ್ತದೆ. ಆರ್ಕಿಡ್ ಬೀಜಕ್ಕೆ ಆ ಬುತ್ತಿಯೂ ಇಲ್ಲ. ಬಿದ್ದಲ್ಲಿ ಸರಿಯಾದ ಶಿಲೀಂಧ್ರ ಸಿಗಬೇಕು. ಅದರ ಎಳೆಗಳು ಬೀಜದೊಳಗೆ ನುಗ್ಗಿ ಸುರುಳಿ ಸುತ್ತುತ್ತವೆ, ಎಳೆ ಸಸಿ ಆ ಸುರುಳಿಗಳನ್ನೇ ಅರಗಿಸಿಕೊಂಡು ಬದುಕುತ್ತದೆ. ಹೆಗ್ಗಾಲಣಬೆಗೆ ಕಾದು ಕೂರುವವರು ನಾವೊಬ್ಬರೇ ಅಲ್ಲ ಅನ್ನಿ.

ಈ ಗುಟ್ಟು ಗೊತ್ತಾಗಿದ್ದು 1899ರಲ್ಲಿ. ಫ್ರಾನ್ಸಿನ ನೋಯೆಲ್ ಬರ್ನಾರ್ಡ್‌ಗೆ ಕಾಡಿನಲ್ಲಿ ಆಗಷ್ಟೇ ಮೊಳೆತ ಆರ್ಕಿಡ್ ಬೀಜ ಸಿಕ್ಕವು, ಎಲ್ಲದರೊಳಗೂ ಶಿಲೀಂಧ್ರವಿತ್ತು. ಅದಕ್ಕೂ ಮೊದಲು ಯುರೋಪಿನ ಮಾಲಿಗಳು ತಾಯಿಗಿಡದ ಬುಡಕ್ಕೆ ಬೀಜ ಉದುರಿಸಿ ಸುಮ್ನೆ ಕಾಯುತ್ತಿದ್ದರು. ಕೆಲವು ಹುಟ್ಟುತ್ತಿದ್ದವು, ಯಾಕೆ ಅಂತ ಗೊತ್ತಿರಲಿಲ್ಲ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಇನ್ನೊಂದು ದಾರಿ ತೋರಿಸಿದರು: ಸಕ್ಕರೆ ಕೊಟ್ಟರೆ ಶಿಲೀಂಧ್ರವೇ ಬೇಡ.

ಇವತ್ತಿನ ಲ್ಯಾಬ್ ಮಾಡುವುದೂ ಅದನ್ನೇ. ಕಾಯಿ ಒಡೆಯುವ ಮೊದಲೇ ಹಸಿರಾಗಿ ಕಿತ್ತು, ಸ್ಪಿರಿಟ್‌ನಲ್ಲಿ ಅದ್ದಿ, ಒಂದು ಕ್ಷಣ ಬೆಂಕಿ ತೋರಿಸುತ್ತಾರೆ. ಹೊರಗಿನ ಸೂಕ್ಷ್ಮಜೀವಿಗಳೆಲ್ಲ ಸತ್ತವು, ಒಳಗಿನ ಬೀಜ ಮೊದಲೇ ಶುದ್ಧ. ಕಾಯಿ ಸೀಳಿ ಬೀಜವನ್ನು ಅಗರ್ ಮೇಲೆ ಉದುರಿಸುತ್ತಾರೆ. ಅಗರ್ ಅಂದರೆ ಸಿಹಿತಿಂಡಿಗೆ ಹಾಕುವ ಚೈನಾ ಗ್ರಾಸ್. ಅದಕ್ಕೆ ಸಕ್ಕರೆ, ಲವಣ, ಎಷ್ಟೋ ಸಲ ಎಳನೀರು, ಬಾಳೆಹಣ್ಣು ಕೂಡ! ಬೀಜ ಉಬ್ಬಿ ಹಸಿರು ಮಣಿಯಾಗುತ್ತದೆ, ಆಮೇಲೆ ಎಲೆ, ಆಮೇಲೆ ಬೇರು.

ಇಷ್ಟೆಲ್ಲ ಓದಿಕೊಂಡಿದ್ದ ನಾನು ಮಾಡಿದ್ದೇನು? ಅವತ್ತೇ ಬಾಟಲಿ ತೆಗೆದು, ಕೆಮ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಕಲಸಿ 23 ಸಸಿಯನ್ನೂ ನೆಟ್ಟೆ. ಎರಡು ವಾರದಲ್ಲಿ ಒಂದೂ ಉಳಿಯಲಿಲ್ಲ. ಅಡಿಕೆಗೆ ಕೊಳೆ ಬಂದ ಹಾಗೆ ಬುಡ ಕಂದಾಗಿ, ಮುಟ್ಟಿದರೆ ಲೋಳೆ.

ಬಾಟಲಿಯೊಳಗೆ ಸದಾ ಮಳೆಗಾಲ. ಗಾಳಿ ತುಂಬ ತೇವ, ಒಣಗುವ ಭಯವೇ ಇಲ್ಲ. ಹಾಗಾಗಿ ಅಲ್ಲಿ ಹುಟ್ಟಿದ ಎಲೆಗೆ ಮೇಣದ ಪದರ ತೆಳು, ಉಸಿರಾಡುವ ರಂಧ್ರಗಳನ್ನು ಸರಿಯಾಗಿ ಮುಚ್ಚಲೂ ಬರುವುದಿಲ್ಲ. ಹೊರಗೆ ತಂದರೆ ಗಂಟೆಯೊಳಗೆ ಸೊರಗುತ್ತದೆ. ನಮ್ಮ ಮಳೆಯಲ್ಲಿ ಸೊರಗುವುದು ಕಮ್ಮಿ ನಿಜ. ಆದರೆ ಬೇರಿಗಂಟಿದ ಸಕ್ಕರೆ ಅಗರ್ ಜೊತೆ ಹಸಿ ಗೊಬ್ಬರವೂ ಸೇರಿದರೆ ಕೊಳೆಸುವವರಿಗೆ ಊಟ ಬಡಿಸಿದ ಹಾಗೆ. ತಮಾಷೆ ಅಂದರೆ, ಕಾಡಿನಲ್ಲಿ ಆರ್ಕಿಡ್ ಬೀಜ ಸಾಕುವ ಶಿಲೀಂಧ್ರಗಳಲ್ಲಿ ಎಷ್ಟೋ ರೈಜೊಕ್ಟೋನಿಯ ಬಗೆಯವು. ಭತ್ತದ ಎಲೆಕವಚ ಕೊಳೆಸುವುದೂ ಸಸಿಮಡಿಯಲ್ಲಿ ಬುಡ ಕತ್ತರಿಸುವುದೂ ಅದೇ ಬಳಗದ್ದು.

ಮರುವರ್ಷ ಇನ್ನೊಂದು ಬಾಟಲಿ ತರಿಸಿದೆ. ಈ ಸಲ ಹಸ್ತ ಮಳೆಯ ತನಕ ಕಾದೆ. ಮುಚ್ಚಳ ಸಡಿಲಿಸಿ ಮೂರು ದಿನ ಬಿಟ್ಟೆ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಒಂದೊಂದೇ ಬೇರು ಬಿಡಿಸಿ, ಜಾರುವ ಅಂಟು ಪೂರ್ತಿ ಹೋಗುವಷ್ಟು ತೊಳೆದೆ. ಮಣ್ಣಿಲ್ಲ, ಗೊಬ್ಬರವಿಲ್ಲ. ಇದ್ದಿಲ ಚೂರು, ಒಡೆದ ಹೆಂಚಿನ ಹರಳು, ತೊಳೆದ ತೆಂಗಿನ ನಾರಿನ ಪುಡಿ, ಅಷ್ಟೇ. ಎಲ್ಲವನ್ನೂ ಒಂದೇ ಟ್ರೇಯಲ್ಲಿ ಕೂರಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ವಾರಕ್ಕೆ ಎರಡು ತೂತು ಕೊರೆಯುತ್ತ ಹೋದೆ. ಬಾಟಲಿಯ ಎಲೆಗಳು ಒಂದೊಂದಾಗಿ ಹಳದಿಯಾಗಿ ಮಲಗಿದವು. ಮತ್ತೆ ಕೈಕೊಟ್ಟವು ಅಂದುಕೊಂಡೆ. ಐದನೇ ವಾರ ನಡುವಿನಿಂದ ಬಿರುಸಾದ, ನೆರಿಗೆಯಿದ್ದ ಎಲೆ ಎದ್ದಿತು. ಹೊರಗಿನ ಗಾಳಿಯಲ್ಲಿ ಹುಟ್ಟಿದ ಮೊದಲ ಎಲೆ ಅದು. ಅದು ಬಂದ ಮೇಲೆ ಪ್ಲಾಸ್ಟಿಕ್ ಬೇಕಾಗಲಿಲ್ಲ. ಎಲೆ ಇದ್ದರೆ ಊಟ ತಾನೇ ಮಾಡಿಕೊಳ್ಳುತ್ತದೆ, ಶಿಲೀಂಧ್ರದ ಹಂಗು ಅಷ್ಟಾಗಿ ಇಲ್ಲ.

ಮೂರನ್ನು ಸಿಂಬಳದ ಹುಳ ಒಂದೇ ರಾತ್ರಿ ಮುಗಿಸಿತು. 17 ಉಳಿದವು.

ಬಾಟಲಿಗೆ ದುಡ್ಡು ಯಾಕೆ ಕೊಡಬೇಕು, ಆಗುಂಬೆ ಕಾಡಲ್ಲಿ ಬೇಕಾದಷ್ಟು ಇವೆಯಲ್ಲ ಅಂತ ಒಬ್ಬರು ಕೇಳಿದರು. ಕಾಡಿನದು ಅದರ ಶಿಲೀಂಧ್ರದ ಜೊತೆ ಅಲ್ಲೇ ಇರಲಿ. ಆರ್ಕಿಡ್‌ಗಳ ವಿದೇಶಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದ ಕೂಡ, ಹೆಚ್ಚಿನ ಜಾತಿಗಳಲ್ಲಿ ಲ್ಯಾಬಿನ ಬಾಟಲಿ ಸಸಿಗೆ ವಿನಾಯಿತಿ ಕೊಟ್ಟಿದೆ.

ಈ ಮೇ ತಿಂಗಳಲ್ಲಿ ಮೊದಲ ಹೂದಂಟು ಬಂತು. ನೇರಳೆ ಹೂವು, ತುದಿಯಲ್ಲಿ ಒಂದು ಸಲಕ್ಕೆ ಮೂರೋ ನಾಲ್ಕೋ. ಒಂದು ಜೇನೂ ಬಂದದ್ದು ಕಾಣಲಿಲ್ಲ, ಆದರೂ ಕಾಯಿ ಕಟ್ಟಿತು. ಈ ಜಾತಿಯ ಎಷ್ಟೋ ಗಿಡಗಳು ತಮ್ಮ ಪರಾಗವನ್ನು ತಾವೇ ಹಾಕಿಕೊಳ್ಳುತ್ತವೆ. ಒಂದು ಕಾಯಿಯನ್ನು ಹಾಗೇ ಬಿಟ್ಟೆ. ಒಡೆದ ದಿನ ಬೆರಳಲ್ಲಿ ತಟ್ಟಿದರೆ ತಿಳಿಹಳದಿ ಪುಡಿ ಹೊಗೆಯ ಹಾಗೆ ಹೋಯಿತು. ಈಗ ಪಕ್ಕದ ಆಂಥೂರಿಯಂ ಕುಂಡದ ಪಾಚಿಯ ಮೇಲೆ ಸಾಸಿವೆಗಿಂತ ಸಣ್ಣ ಎರಡು ಹಸಿರು ಮಣಿ ಕಾಣುತ್ತಿವೆ. ಅವೇ ಹೌದೋ ಅಲ್ಲವೋ, ಎಲೆ ಬಿಡಬೇಕು. ಅಮ್ಮ ಕಳೆ ಅಂತ ಕೆರೆದು ಹಾಕದಿರಲಿ ಅಂತ ಪಕ್ಕದಲ್ಲಿ ಒಂದು ಹಿಡಿಕಡ್ಡಿ ನೆಟ್ಟಿದ್ದೇನೆ.