ಒಂದೇ ಮೈ, ಹಲವು ತಲೆಮಾರಿನ ಬಟ್ಟೆ: ಡಿಜಿಟಲ್ ಮನುಷ್ಯರ ಹೊಂದಾಣಿಕೆಯ ಕಥೆ

2022ರ ಅಕ್ಟೋಬರಿನಲ್ಲಿ ಅಮೆರಿಕದ ಯೂಟಾ ರಾಜ್ಯದ ಡ್ಯಾಝ್ 3ಡಿ ಕಂಪನಿ ಜೆನೆಸಿಸ್ 9 ಎಂಬ ಡಿಜಿಟಲ್ ಮನುಷ್ಯಾಕೃತಿಯನ್ನು ಹೊರತಂದಿತು. ಹೆಣ್ಣಿಗೂ ಗಂಡಿಗೂ ಒಂದೇ ಬೇಸ್ ಮೆಶ್ ಎಂಬುದು ಅದರ ದೊಡ್ಡ ಹೆಗ್ಗಳಿಕೆ. ಹಳಬರಿಗೆ ಈ ಮಾತು ಹೊಸದಲ್ಲ. 2011ರಲ್ಲಿ ಮೊದಲ ಜೆನೆಸಿಸ್ ಬಂದಾಗ ಇದೇ ಕಂಪನಿ ಇದನ್ನೇ ಮಾಡಿತ್ತು, ಎರಡೇ ವರ್ಷಕ್ಕೆ ಕೈಬಿಟ್ಟಿತ್ತು. ಮಾಡಿದ್ದೇಕೆ, ಬಿಟ್ಟದ್ದೇಕೆ, ಹನ್ನೊಂದು ವರ್ಷದ ಮೇಲೆ ಮತ್ತೆ ಅಲ್ಲಿಗೇ ಬಂದದ್ದೇಕೆ? ಪುಸ್ತಕದ ಮುಖಪುಟ, ಕಾಮಿಕ್ಸ್, ಸಣ್ಣ ಆನಿಮೇಷನ್ ಮಾಡುವ ಸಾವಿರಾರು ಹವ್ಯಾಸಿಗಳು ವರ್ಷಗಟ್ಟಲೆ ಹಣ ಹಾಕಿ ಕೂಡಿಸಿಟ್ಟ ಬಟ್ಟೆ, ಕೂದಲು, ಚರ್ಮದ ಸಂಗ್ರಹಗಳ ಗತಿ ಈ ಪ್ರಶ್ನೆಗೆ ತಗಲಿಕೊಂಡಿದೆ.

ಮೊದಲು ಮೆಶ್ ಅಂದರೆ ಏನೆಂದು ನೋಡೋಣ. ಪರದೆಯ ಮೇಲಿನ ಮನುಷ್ಯ ಒಳಗೆ ಟೊಳ್ಳು. ಸಾವಿರಾರು ಬಿಂದುಗಳನ್ನು ಗೆರೆಗಳಿಂದ ಕೂಡಿಸಿ ಹೆಣೆದ ಬಲೆಯೇ ಅವನ ಮೈ. ಪ್ರತಿ ಬಿಂದುವಿಗೂ ಒಂದು ಕ್ರಮಸಂಖ್ಯೆ ಇರುತ್ತದೆ. ತೆಳ್ಳಗಿನವನನ್ನು ದಪ್ಪ ಮಾಡುವ ಮಾರ್ಫ್ ಎಂಬ ಕಡತದಲ್ಲಿ ದಪ್ಪ ದೇಹದ ಚಿತ್ರ ಇರುವುದಿಲ್ಲ. ಇಂತಿಷ್ಟನೇ ಬಿಂದು ಇಂತಿಂಥ ದಿಕ್ಕಿಗೆ ಇಷ್ಟು ಸರಿಯಲಿ ಎಂಬ ಪಟ್ಟಿ ಮಾತ್ರ ಇರುತ್ತದೆ. ಶಾಲೆಯ ಹಾಜರಿ ಪುಸ್ತಕದ ನಂಬರು ಕರೆದು 'ಹದಿನೇಳನೆಯವರು ಎರಡು ಹೆಜ್ಜೆ ಮುಂದೆ ಬನ್ನಿ' ಎಂದ ಹಾಗೆ. ಅದೇ ತರಗತಿಯಾದರೆ ಸರಿಯಾದ ಹುಡುಗಿ ಮುಂದೆ ಬರುತ್ತಾಳೆ. ಬೇರೆ ತರಗತಿಯಲ್ಲಿ ನಿಂತು ಅದೇ ಪಟ್ಟಿ ಓದಿದರೆ ಯಾರೋ ಎಲ್ಲಿಗೋ ಹೋಗಿ ನಿಲ್ಲುತ್ತಾರೆ. ಬಿಂದುಗಳ ಸಂಖ್ಯೆ ಮತ್ತು ಕ್ರಮ ಒಂದೇ ಆಗಿದ್ದಾಗ ಮಾತ್ರ ಒಬ್ಬರ ಮಾರ್ಫ್ ಇನ್ನೊಬ್ಬರಿಗೆ ನಡೆಯುತ್ತದೆ. ಬೇಸ್ ಮೆಶ್ ಒಂದೇ ಎನ್ನುವುದರ ಅರ್ಥ ಇಷ್ಟು.

ಗೊಂದಲ ಹುಟ್ಟುವುದೂ ಇಲ್ಲಿಯೇ. ಬಲೆ ಒಂದೇ ಆದರೆ ಎಲ್ಲವೂ ಒಂದಕ್ಕೊಂದು ಒಗ್ಗುತ್ತದೆ ಎಂದು ಕೊಳ್ಳುವವರು ನಂಬುತ್ತಾರೆ, ಮಾರುವವರೂ ಆ ನಂಬಿಕೆಯನ್ನು ಬೆಳೆಸುತ್ತಾರೆ. ಆದರೆ ಆಕೃತಿಯೊಂದರಲ್ಲಿ ಬೇರೆ ಪದರಗಳೂ ಇವೆ. ಚರ್ಮದ ಬಣ್ಣ, ಮಚ್ಚೆ, ಹುಬ್ಬು ಎಲ್ಲ ಇರುವುದು ಒಂದು ಚಪ್ಪಟೆ ಚಿತ್ರದಲ್ಲಿ. ಅದು ಮೈಮೇಲೆ ಎಲ್ಲಿ ಹೇಗೆ ಅಂಟಬೇಕೆಂದು ಹೇಳುವುದು ಯುವಿ ನಕ್ಷೆ. ಒಳಗೆ ಮೂಳೆಗಳ ಚೌಕಟ್ಟು ಇದೆ. ಯಾವ ಮೂಳೆ ತಿರುಗಿದರೆ ಯಾವ ಬಿಂದು ಎಷ್ಟು ಹಿಂಬಾಲಿಸಬೇಕು ಎಂಬ ತೂಕದ ಲೆಕ್ಕ ಇದೆ. ಬಟ್ಟೆಯದಂತೂ ಬೇರೆಯದೇ ಬಲೆ, ಅದರ ಬಿಂದುಗಳಿಗೂ ಮೈಯ ಬಿಂದುಗಳಿಗೂ ಹುಟ್ಟಿನಿಂದ ಸಂಬಂಧವಿಲ್ಲ. ಈ ಮೂರು ದಶಕಗಳಲ್ಲಿ ಒಂದು ಪದರ ಸರಿಹೋದಾಗ ಇನ್ನೊಂದು ಮುರಿಯುತ್ತಲೇ ಬಂದಿದೆ.

ಆರಂಭ 1995ರಲ್ಲಿ. ಚಿತ್ರಕಾರರು ಭಂಗಿ ನೋಡಲು ಇಟ್ಟುಕೊಳ್ಳುವ ಮರದ ಗೊಂಬೆಯ ಬದಲಿಗೆ ಲ್ಯಾರಿ ವೈನ್‌ಬರ್ಗ್ ಪೋಸರ್ ಎಂಬ ತಂತ್ರಾಂಶ ಬರೆದರು, ಫ್ರ್ಯಾಕ್ಟಲ್ ಡಿಸೈನ್ ಕಂಪನಿ ಅದನ್ನು ಪ್ರಕಟಿಸಿತು. ಮೊದಮೊದಲು ಅದರ ಆಕೃತಿಗಳ ಬಟ್ಟೆ ಮೈಯ ಭಾಗವೇ ಆಗಿತ್ತು. 1999ರ ಪೋಸರ್ 4ರಲ್ಲಿ ಬಟ್ಟೆ ಬೇರೆಯಾಯಿತು. ಅಂಗಿಯೊಳಗೂ ಮೈಯೊಳಗಿರುವ ಹೆಸರಿನದೇ ಮೂಳೆಗಳನ್ನಿಟ್ಟು, ಮೈ ಬಾಗಿದಂತೆ ಅಂಗಿಯೂ ಬಾಗುವ ವ್ಯವಸ್ಥೆ ಬಂತು. ಒಂದು ಮಾರುಕಟ್ಟೆ ಹುಟ್ಟಲು ಇಷ್ಟು ಸಾಕಾಯಿತು. ಪೋಸರ್‌ಗೆ ಮಾದರಿಗಳನ್ನು ಮಾಡಿಕೊಡುತ್ತಿದ್ದ ಝೈಗೋಟ್ ಸಂಸ್ಥೆಯಿಂದ 2000ದಲ್ಲಿ ಡ್ಯಾಝ್ ಬೇರ್ಪಟ್ಟಿತು. ಅದರ ವಿಕ್ಟೋರಿಯಾ, ಮೈಕೆಲ್ ಆಕೃತಿಗಳಿಗೆ ಮನೆಯಲ್ಲಿ ಕೂತು ಬಟ್ಟೆ, ಬೂಟು, ಕೂದಲು ಮಾಡಿ ಮಾರುವ ಸಣ್ಣ ಕಲಾವಿದರ ದೊಡ್ಡ ಬಳಗವೇ ಬೆಳೆಯಿತು. ಆಕೃತಿಯ ಬೆಲೆ ಅದರ ಅಂದಕ್ಕಿಂತ ಹೆಚ್ಚಾಗಿ ಅದಕ್ಕೆ ಸಿಗುವ ಬಟ್ಟೆಗಳ ಮೇಲೆ ನಿಂತಿತು. ಹಾಗಾಗಿ ಹೊಂದಾಣಿಕೆ ತಾಂತ್ರಿಕ ವಿಷಯವಾಗಿ ಉಳಿಯದೆ ಜನರ ಜೀವನೋಪಾಯದ ಮಾತೂ ಆಯಿತು.

ಮೂರನೇ ತಲೆಮಾರಿನ ವಿಕ್ಟೋರಿಯಾ 3, ಮೈಕೆಲ್ 3 ಮತ್ತು ಅವರ ಬಂಧುಗಳಿಗೆ ಡ್ಯಾಝ್ ಯುನಿಮೆಶ್ ಎಂಬ ಒಂದೇ ಬಲೆ ಬಳಸಿತು. ಜಪಾನಿ ಕಾರ್ಟೂನಿನ ಚಹರೆಯ ಐಕೊ 3 ಕೂಡ ಅದರಿಂದಲೇ ಬಂದವಳು, ವಿಕ್ಟೋರಿಯಾಳ ಚರ್ಮ ಅವಳಿಗೆ ಸಲೀಸಾಗಿ ಒಗ್ಗುತ್ತಿತ್ತು. ಆದರೆ ವಿಕ್ಟೋರಿಯಾಳ ರವಿಕೆ ತೊಡಿಸಿದರೆ ಅಲ್ಲಲ್ಲಿ ಮೈ ಬಟ್ಟೆಯನ್ನು ತೂರಿ ಹೊರಬರುತ್ತಿತ್ತು. ಕಾರಣ ಸರಳ. ಮೈ ಆಕಾರ ಬದಲಿಸಿದ್ದು ಬಟ್ಟೆಗೆ ಗೊತ್ತೇ ಇಲ್ಲ. ಬಟ್ಟೆಯೂ ಬದಲಾಗಬೇಕಾದರೆ ಅದೇ ಬದಲಾವಣೆಯನ್ನು ಬಟ್ಟೆಯ ಬಲೆಯಲ್ಲಿ ಕಲಾವಿದರು ಕೈಯಾರೆ ಮಾಡಿ ಸೇರಿಸಬೇಕಿತ್ತು. 2006ರ ಕೊನೆಗೆ ಬಂದ ವಿಕ್ಟೋರಿಯಾ 4ರಲ್ಲಿ ಐಕೊ, ಸ್ಟೆಫನಿ ಮುಂತಾದವರು ಬೇರೆ ಆಕೃತಿಗಳಾಗಿ ಉಳಿಯಲಿಲ್ಲ, ವಿಕ್ಟೋರಿಯಾಳ ಮೇಲಿನ ಮಾರ್ಫ್ ಕಟ್ಟುಗಳಾದರು. ಮೈಯ ಮಟ್ಟಿಗೆ ಇದು ಚೊಕ್ಕ ಪರಿಹಾರ. ಬಟ್ಟೆ ಮಾಡುವವರ ಹೊರೆ ಮಾತ್ರ ಇಳಿಯಲಿಲ್ಲ. ಪ್ರತಿ ಉಡುಪಿನ ಜೊತೆಗೂ ಇದು ಯಾವ ಯಾವ ಆಕಾರಗಳಿಗೆ ಆಗುತ್ತದೆ ಎಂದು ಉದ್ದದ ಪಟ್ಟಿ ಅಂಟಿಸಬೇಕಾಗಿತ್ತು. ಪಟ್ಟಿಯಲ್ಲಿ ಇಲ್ಲದ ಆಕಾರ ಬೇಕಾದವರಿಗೆ ದಾರಿ ಇರಲಿಲ್ಲ. ಒಂದು ಆಕೃತಿಯ ಬಟ್ಟೆಯನ್ನು ಇನ್ನೊಂದಕ್ಕೆ ಬದಲಿಸಿಕೊಡುವ ವಾರ್ಡ್‌ರೋಬ್ ವಿಝಾರ್ಡ್, ಕ್ರಾಸ್‌ಡ್ರೆಸರ್‌ನಂಥ ಹೊರಗಿನವರ ಸಾಧನಗಳು ಜನಪ್ರಿಯವಾದದ್ದು ಈ ಕೊರತೆಯಿಂದಲೇ.

2011ರ ಜೆನೆಸಿಸ್ ಈ ಗಂಟನ್ನು ಬಿಚ್ಚಲು ಹೊರಟಿತು. ಗಂಡು, ಹೆಣ್ಣು, ಮಗು, ರಾಕ್ಷಸ ಎಲ್ಲರೂ ಒಂದೇ ಬಲೆಯ ಮಾರ್ಫ್‌ಗಳು. ವಿಕ್ಟೋರಿಯಾ 4ರ ಬಲೆಯ ಕಾಲು ಭಾಗಕ್ಕೂ ಸ್ವಲ್ಪ ಹೆಚ್ಚಿನಷ್ಟೇ ಚೌಕಗಳಿದ್ದ ಹಗುರವಾದ ಬಲೆ ಅದು, ಚಿತ್ರ ತೆಗೆಯುವಾಗ ತಾನೇ ಸೀಳಿಕೊಂಡು ನುಣುಪಾಗುತ್ತಿತ್ತು. ಅದಕ್ಕಿಂತ ದೊಡ್ಡ ಹೆಜ್ಜೆ ಎಂದು ನನಗನಿಸುವುದು ಆಟೊ ಫಿಟ್. ಮೈಯ ಬಿಂದು ಸರಿದರೆ ಅದರ ಹತ್ತಿರದ ಬಟ್ಟೆಯ ಬಿಂದುವೂ ಅಷ್ಟೇ ಸರಿಯಲಿ ಎಂದು ತಂತ್ರಾಂಶವೇ ಲೆಕ್ಕ ಹಾಕುವ ಉಪಾಯ ಅದು. ಕಲಾವಿದರು ಕನಸಿನಲ್ಲೂ ನೆನೆಸದ ಆಕಾರಕ್ಕೂ ಬಟ್ಟೆ ಹೊಂದುವಂತಾಯಿತು. ಹಳೆಯ ಬಟ್ಟೆಗಳಿಗೂ ಬಾಗಿಲು ತೆರೆಯಿತು: ಜೆನೆಸಿಸ್ ಒಳಗೆ ವಿಕ್ಟೋರಿಯಾ 4ರ ಆಕಾರವನ್ನು ಅಡಗಿಸಿಟ್ಟು, ಬಟ್ಟೆಯನ್ನು ಮೊದಲು ಆ ಆಕಾರಕ್ಕೆ ಕೂರಿಸಿ ಅಲ್ಲಿಂದ ಹೊಸ ಮೈಗೆ ತರುತ್ತಿದ್ದರು. ಮಾರ್ಫ್‌ಗಳನ್ನು ದಾಟಿಸಲು ಜೆನ್‌ಎಕ್ಸ್ ಎಂಬ ಹೊರಗಿನವರ ಸಾಧನ ಬಂತು. ಈ ಲೆಕ್ಕಾಚಾರಕ್ಕೆ ಮಿತಿಗಳೂ ಇದ್ದವು. ಮೈಗೆ ಅಂಟಿದ ಬನಿಯನ್‌ಗೆ ಅದು ಸೊಗಸಾಗಿ ನಡೆಯುತ್ತದೆ. ಲೋಹದ ಬಕಲ್, ಎತ್ತರದ ಹಿಮ್ಮಡಿಯ ಚಪ್ಪಲಿ, ಎರಡು ಕಾಲಿನ ನಡುವೆ ಇಳಿಬೀಳುವ ಲಂಗದಂಥವು ಸೊಟ್ಟಗಾಗುತ್ತಿದ್ದವು. ಹತ್ತಿರದ ಬಿಂದು ಯಾವ ಕಾಲಿನದು ಎಂದು ಲಂಗದ ನಡುಭಾಗಕ್ಕೆ ಹೇಗೆ ತಿಳಿಯಬೇಕು?

ಎಲ್ಲರಿಗೂ ಒಂದೇ ಬಲೆ ಆಗಬೇಕೆಂದರೆ ಬಿಂದುಗಳನ್ನು ಸರಾಸರಿ ಲೆಕ್ಕದಲ್ಲಿ ಹರಡಬೇಕು. ಹೆಣ್ಣಿನ ಎದೆಗೆ ಬೇಕಾದ ದಟ್ಟಣೆ ಗಂಡಿನ ಎದೆಗೆ ಬೇಡ. ಮಡಿಕೆ ಬೀಳುವ ಜಾಗಗಳೂ ಬೇರೆ. 2013ರ ಜೆನೆಸಿಸ್ 2ರಲ್ಲಿ ಗಂಡು ಹೆಣ್ಣು ಮತ್ತೆ ಬೇರೆಯಾದರು. ರೂಪದ ಸೂಕ್ಷ್ಮತೆ ಹೆಚ್ಚಿತು, ಚರ್ಮದ ಗೆರೆ ಸುಕ್ಕುಗಳನ್ನು ತೋರಿಸುವ ಎಚ್‌ಡಿ ಮಾರ್ಫ್‌ಗಳು ಬಂದವು. ಹೆಣ್ಣು ಆಕೃತಿ ವಿಕ್ಟೋರಿಯಾ 4ರ ಚರ್ಮವನ್ನು ಆಗಲೂ ಒಪ್ಪಿಕೊಳ್ಳುತ್ತಿತ್ತು. ಆದರೆ ಜೆನೆಸಿಸ್‌ಗೆಂದು ಕೊಂಡ ಮಾರ್ಫ್‌ಗಳು ಅಲ್ಲಿಯೇ ನಿಂತುಹೋದವು.

2015ರ ಜೆನೆಸಿಸ್ 3ರಲ್ಲಿ ಮುರಿದದ್ದು ಮೂಳೆಗಳ ಪದರ. ಮೂಳೆ ತಿರುಗಿದಾಗ ಮೈ ಬಾಗುವ ಲೆಕ್ಕವನ್ನೇ ಡ್ಯೂಯಲ್ ಕ್ವಾಟರ್ನಿಯನ್ ವಿಧಾನಕ್ಕೆ ಬದಲಿಸಿದರು. ತೋಳು, ತೊಡೆಗಳಲ್ಲಿ ಬಾಗುವುದಕ್ಕೊಂದು ತಿರುಚುವುದಕ್ಕೊಂದು ಎಂದು ಎರಡೆರಡು ಮೂಳೆ ಇಟ್ಟರು, ಮುಖದೊಳಗೂ ಮೂಳೆ ತುಂಬಿದರು. ತೋಳು ತಿರುಚಿದಾಗ ಒದ್ದೆ ಬಟ್ಟೆ ಹಿಂಡಿದ ಹಾಗೆ ಕಾಣುವ ಹಳೆಯ ತೊಂದರೆ ಕಡಿಮೆಯಾಯಿತು. ಹಳೆಯ ಭಂಗಿಗಳು ಮಾತ್ರ ನೇರವಾಗಿ ನಡೆಯಲಿಲ್ಲ. ಚರ್ಮದ ಯುವಿ ನಕ್ಷೆ ಬದಲಾಗಿ ವಿಕ್ಟೋರಿಯಾ 4ರ ಕಾಲದ ಚರ್ಮಗಳೂ ಹೊರಗುಳಿದವು. ಪೋಸರ್ ಬಳಸುವವರಿಗೂ ಡ್ಯಾಝ್‌ಗೂ ಇದ್ದ ನಂಟು ಕಡಿದದ್ದು ಇಲ್ಲಿಯೇ. ಅಲ್ಲಿಯವರೆಗೆ ಜೆನೆಸಿಸ್ ಆಕೃತಿಗಳನ್ನು ಪೋಸರ್‌ಗೆ ತರುವ ದಾರಿಯೊಂದಿತ್ತು. 2017ರ ಜೆನೆಸಿಸ್ 8 ಚರ್ಮದ ನಕ್ಷೆಯನ್ನು ಉಳಿಸಿಕೊಂಡಿತು, ನಿಲುವನ್ನು ಬದಲಿಸಿತು: ಕೈಗಳನ್ನು ನೇರ ಅಡ್ಡಕ್ಕೆ ಚಾಚುವ ಬದಲು ಕೆಳಗೆ ಓರೆಯಾಗಿ ಇಳಿಸಿತು. ಭಂಗಿಯ ಕಡತದಲ್ಲಿರುವುದು ಮೂಲ ನಿಲುವಿನಿಂದ ಎಷ್ಟು ತಿರುಗಬೇಕೆಂಬ ಅಂಕಿ ಮಾತ್ರ. ಮೂಲವೇ ಬದಲಾದಾಗ ಎಲ್ಲ ಕೈಗಳೂ ತಪ್ಪು ಜಾಗಕ್ಕೆ ಹೋದವು.

ಅದೇ 2017ರಲ್ಲಿ ಕಂಪನಿಯ ಸ್ವಂತ ತಂತ್ರಾಂಶವಾದ ಡ್ಯಾಝ್ ಸ್ಟುಡಿಯೊಗೆ ಡಿಫೋರ್ಸ್ ಎಂಬ ಸಿಮ್ಯುಲೇಷನ್, ಅಂದರೆ ಬಟ್ಟೆ ಮೈಮೇಲೆ ಹೇಗೆ ಬೀಳುತ್ತದೆ ಎಂದು ಲೆಕ್ಕ ಹಾಕುವ ವ್ಯವಸ್ಥೆ ಸೇರಿತು. ನಮ್ಮ ಸೀರೆಯನ್ನು ನೆನೆದರೆ ಇದರ ಮಹತ್ವ ಗೊತ್ತಾಗುತ್ತದೆ. ಮೂಳೆಯನ್ನು ಹಿಂಬಾಲಿಸುವ ಬಟ್ಟೆಯ ವ್ಯವಸ್ಥೆ ಹೊಲಿದ ಉಡುಪಿಗೆ ಹುಟ್ಟಿದ್ದು. ಸೀರೆಯ ನೆರಿಗೆ ಯಾವ ಮೂಳೆಗೂ ಸೇರಿದ್ದಲ್ಲ, ಸೆರಗಂತೂ ಹೆಗಲಿನಿಂದಾಚೆ ಮೈಯ ಮಾತು ಕೇಳುವುದೇ ಇಲ್ಲ. ಉಟ್ಟಂತೆಯೇ ಕಡೆದು ಮೂಳೆಗೆ ಕಟ್ಟಿದ ಸೀರೆ, ಆಕೃತಿ ಕೂತ ಕ್ಷಣ ಹಲಗೆಯಂತೆ ಮುರಿಯುತ್ತದೆ. ಸಿಮ್ಯುಲೇಷನ್‌ನಲ್ಲಿ ಬಟ್ಟೆಗೆ ಬೇಕಾದದ್ದು ತಾಗಿ ನಿಲ್ಲಲು ಒಂದು ಮೇಲ್ಮೈ ಅಷ್ಟೇ. ಆ ಮೈಯ ಬಿಂದುಗಳ ಕ್ರಮ ಏನು, ಅದು ಯಾವ ತಲೆಮಾರಿನದು ಎಂಬುದು ಅದಕ್ಕೆ ಬೇಕಿಲ್ಲ. ಲೆಕ್ಕಕ್ಕೆ ಹೊತ್ತು ಹಿಡಿಯುತ್ತದೆ ನಿಜ, ಪ್ರತಿ ಭಂಗಿಗೂ ಮತ್ತೆ ಮಾಡಬೇಕು. ಆದರೂ ಹೊಲಿಯದ ಬಟ್ಟೆಗೆ ಬೇಸ್ ಮೆಶ್‌ನ ಹಂಗು ಎಲ್ಲಕ್ಕಿಂತ ಕಡಿಮೆ.

ಮಾರಾಟದ ಒತ್ತಡ ಇಲ್ಲದ ಕಡೆ ಇದೇ ಸಮಸ್ಯೆ ಬೇರೆ ಹಾದಿ ಹಿಡಿಯಿತು. ಮುಕ್ತ ತಂತ್ರಾಂಶವಾದ ಮೇಕ್‌ಹ್ಯೂಮನ್‌ನಲ್ಲಿ ಬಟ್ಟೆಯ ಪ್ರತಿ ಬಿಂದುವನ್ನೂ ಬೇಸ್ ಮೆಶ್‌ನ ಮೂರು ಬಿಂದುಗಳಿಗೆ ಕಟ್ಟಿ, ಅವುಗಳಿಂದ ಎಷ್ಟು ದೂರ ಎಂದು ಬರೆದಿಡುತ್ತಾರೆ. ಮೈ ಹೇಗೆ ಬದಲಾದರೂ ಬಟ್ಟೆ ಜೊತೆಗೆ ಹೋಗುತ್ತದೆ. ಲಂಗದಂಥವಕ್ಕೆ ಆಸರೆಯಾಗಲೆಂದು ಕಾಲಿನ ಸುತ್ತ ಕಣ್ಣಿಗೆ ಕಾಣದ ಸಹಾಯಕ ಬಲೆಯನ್ನೂ ಮೊದಲೇ ಇಟ್ಟಿದ್ದಾರೆ. ಡ್ಯಾಝ್‌ನ ಲಂಗ ಎಡವಿದ ಜಾಗವನ್ನು ಇವರು ಮುಂಚೆಯೇ ಕಂಡಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ ಅವರು ಆ ಬಲೆಯನ್ನು ಬದಲಿಸದೆ ಉಳಿಸಿದರು. ಮೇಕ್‌ಹ್ಯೂಮನ್‌ಗೆ ಮಾಡಿದ ಬಟ್ಟೆಗಳು ಇಂದು ಬ್ಲೆಂಡರ್ ಎಂಬ ಮುಕ್ತ 3ಡಿ ತಂತ್ರಾಂಶದ ಒಳಗಿನ ಅದರ ಉತ್ತರಾಧಿಕಾರಿ ಎಂಪಿಎಫ್‌ಬಿಯಲ್ಲಿ ನಡೆಯುವುದು ಅದರಿಂದಲೇ. ರೂಪದಲ್ಲಿ ಜೆನೆಸಿಸ್‌ಗೆ ಸಾಟಿಯಲ್ಲ, ಬಾಳಿಕೆಯಲ್ಲಿ ಮುಂದೆ.

ಸಂಶೋಧಕರ ಲೋಕದಲ್ಲಿ 2015ರ ಎಸ್‌ಎಂಪಿಎಲ್ ಎಂಬ ಮನುಷ್ಯದೇಹದ ಮಾದರಿಗೆ ಎಲ್ಲರೂ ನೆಚ್ಚುವ ಬಲೆ ಎಂಬ ಪಟ್ಟ ಸಿಕ್ಕಿದೆ. ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ರೂಪುಗೊಂಡ ಅದರ ಬಲೆಯಲ್ಲಿ 6,890 ಬಿಂದುಗಳಿವೆ. ಒಂದು ಫೋಟೊದಿಂದ ಮನುಷ್ಯನ ಮೈ ಮತ್ತು ಭಂಗಿಯನ್ನು ಊಹಿಸುವ ಲೆಕ್ಕವಿಲ್ಲದಷ್ಟು ಪ್ರಬಂಧಗಳು ಆ ಸಂಖ್ಯೆಗಳ ಮೇಲೆಯೇ ನಿಂತಿವೆ. 2019ರಲ್ಲಿ ಬೆರಳು, ಮುಖ ಸೇರಿಸಿ ಎಸ್‌ಎಂಪಿಎಲ್ ಎಕ್ಸ್ ಮಾಡಿದಾಗ ಬಿಂದುಗಳು 10,475 ಆದವು, ಹೊಂದಾಣಿಕೆ ಇಲ್ಲೂ ತಪ್ಪಿತು. ಆದರೆ ಹಳೆಯ ಬಲೆಯಿಂದ ಹೊಸದಕ್ಕೆ ದಾಟಿಸುವ ಕಡತಗಳನ್ನೂ ಪ್ರೋಗ್ರಾಮನ್ನೂ ಆ ತಂಡವೇ ಪ್ರಕಟಿಸಿತು. ಈ ಮಾದರಿ ಆಕಾರ ಕಲಿತದ್ದು ಮುಖ್ಯವಾಗಿ ಅಮೆರಿಕ, ನೆದರ್ಲ್ಯಾಂಡ್ಸ್, ಇಟಲಿಗಳಲ್ಲಿ ಜನರನ್ನು ಸ್ಕ್ಯಾನ್ ಮಾಡಿದ ಸೀಸರ್ ಎಂಬ ದತ್ತಾಂಶದಿಂದ ಎನ್ನುವುದನ್ನೂ ಗಮನಿಸಬೇಕು. ಬಲೆ ಎಲ್ಲರಿಗೂ ಒಂದೇ ಇರಬಹುದು, ಅದರ 'ಸರಾಸರಿ ಮೈ' ಯಾರದೋ ಆಗಿರುತ್ತದೆ. ಭಾರತದಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ಎನ್‌ಐಎಫ್‌ಟಿ) ಕೈಗೊಂಡ ಇಂಡಿಯಾಸೈಜ್ ಯೋಜನೆ ಬೆಂಗಳೂರು ಸೇರಿದಂತೆ ಆರು ನಗರಗಳಲ್ಲಿ 25,000 ಜನರನ್ನು 3ಡಿ ಸ್ಕ್ಯಾನರ್‌ನಿಂದ ಅಳೆಯುವ ಗುರಿ ಇಟ್ಟುಕೊಂಡಿತ್ತು. ಉದ್ದೇಶ ಸಿದ್ಧ ಉಡುಪಿನ ಅಳತೆ. ಆದರೂ ನಮ್ಮ ಮೈಕಟ್ಟಿನ ಡಿಜಿಟಲ್ ಆಕೃತಿಗೆ ಬೇಕಾದದ್ದು ಅಂಥ ದತ್ತಾಂಶವೇ.

ಈಗ ಜೆನೆಸಿಸ್ 9. ಬಲೆಯನ್ನು ಇನ್ನಷ್ಟು ದಟ್ಟ ಮಾಡಿ, ಕಣ್ಣು, ಹಲ್ಲು, ರೆಪ್ಪೆಗಳನ್ನು ಮೈಯಿಂದ ಬೇರ್ಪಡಿಸಿದ್ದಾರೆ. 2011ರಲ್ಲಿ ಬಿಂದುಗಳ ಜಿಪುಣತನದಿಂದ ಎದುರಾದ ತೊಂದರೆಯನ್ನು ಇಂದಿನ ಕಂಪ್ಯೂಟರುಗಳ ಶಕ್ತಿ ಬಹುಮಟ್ಟಿಗೆ ತುಂಬಿಕೊಡುತ್ತದೆ. ಗಂಡು ಹೆಣ್ಣನ್ನು ಮತ್ತೆ ಒಂದಾಗಿಸಲು ಸಾಧ್ಯವಾದದ್ದು ಹೀಗೆ ಎಂದು ನನ್ನ ಗ್ರಹಿಕೆ. ಜೆನೆಸಿಸ್ 8ರ ಬಟ್ಟೆಗಳು ಆಟೊ ಫಿಟ್ ಮೂಲಕ ಬರುತ್ತವೆ. ಚರ್ಮ, ಭಂಗಿ, ಮಾರ್ಫ್‌ಗಳು ನೇರವಾಗಿ ಬರುವುದಿಲ್ಲ. ಪರಿವರ್ತಕಗಳನ್ನು ಮತ್ತೆ ಹೊರಗಿನ ಕಲಾವಿದರು ಮಾಡಿ ಮಾರುತ್ತಿದ್ದಾರೆ. ಹೊಸ ಬಲೆ ಬರಬಾರದೆಂದು ನಾನು ಹೇಳುವುದಿಲ್ಲ, ತೋಳು ಸರಿಯಾಗಿ ತಿರುಚಬೇಕಾದರೆ ಹಳೆಯದನ್ನು ಬಿಡಲೇಬೇಕಾಗುತ್ತದೆ. ಆದರೆ ಪ್ರತಿ ಹೊಸ ಬಲೆಯ ಜೊತೆಗೂ, ಹಳೆಯದರ ಇಂತಿಷ್ಟನೇ ಬಿಂದು ಹೊಸದರ ಮೇಲೆ ಎಲ್ಲಿ ಬೀಳುತ್ತದೆ ಎಂಬ ಪಟ್ಟಿಯನ್ನು ಕಂಪನಿಯೇ ಉಚಿತವಾಗಿ ಕೊಡಬೇಕು. ಟ್ಯೂಬಿಂಗನ್‌ನವರು ಮಾಡಿದ್ದು ಅದನ್ನೇ. ಅಷ್ಟಿದ್ದರೆ, ಮಾಡಿದವರು ಕೆಲಸ ನಿಲ್ಲಿಸಿ ಹೋಗಿರುವ ಸಾವಿರಾರು ಮಾರ್ಫ್‌ಗಳನ್ನೂ ಚರ್ಮಗಳನ್ನೂ ಕೊಂಡವರು ತಾವೇ ದಾಟಿಸಿಕೊಳ್ಳಬಹುದು.