ಆಂಟಿಬಾಡಿ ಕೆಲಸ ಅಂದ್ರೆ ದಿನಾ ಇಲಿ ಕೊಯ್ಯೋದಾ?

ಪ್ರಶ್ನೆ: ಮಗಳು ಮಾಲಿಕ್ಯುಲರ್ ಬಯಾಲಜಿಯಲ್ಲಿ ಎಂಎಸ್ಸಿ ಮುಗಿಸಿದ್ದಾಳೆ. ಇಲ್ಲೇ ಪುಣೆಯಲ್ಲಿ ಆಂಟಿಬಾಡಿ (ರೋಗಾಣುವಿನಂಥ ಗುರಿಗೆ ಅಂಟಿಕೊಳ್ಳಲು ಮೈ ಮಾಡಿಕೊಳ್ಳುವ ಪ್ರೋಟೀನು) ಔಷಧಿ ಮಾಡುವ ಕಡೆ ಕೆಲಸ ಸಿಗುವ ಹಾಗಿದೆ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಅಲ್ಲಿ ದಿನಾ ಇಲಿ ಕೊಯ್ಯಬೇಕಂತೆ, ಹೌದಾ?

ಉತ್ತರ: ಇಲ್ಲ. ಕೊಥ್ರೂಡಿನಿಂದ ಪಿಂಪ್ರಿವರೆಗೆ ಕನ್ನಡದವರು ನಾಲ್ಕು ಜನ ಸೇರಿದ ಕಡೆಯೆಲ್ಲ ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಪಿಎಚ್‌ಡಿ ಬೇಕಾ ಅಂತ ಒಬ್ಬರೂ ಕೇಳುವುದಿಲ್ಲ, ಎಲ್ಲರಿಗೂ ಇಲಿಯದ್ದೇ ಚಿಂತೆ. (ಹೊಸ ಆಂಟಿಬಾಡಿ ಹುಡುಕುವ ತಂಡ ನಡೆಸಲು ಸಾಮಾನ್ಯವಾಗಿ ಬೇಕು. ಕೋಶ ಬೆಳೆಸುವ, ಶುದ್ಧ ಮಾಡುವ ಕೆಲಸಕ್ಕೆ ಎಂಎಸ್ಸಿ ಸಾಕು.)

ಇಲಿ ಕಥೆ ಒಂದು ಕಾಲಕ್ಕೆ ನಿಜವೇ. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು, ಆಂಟಿಬಾಡಿ ಮಾಡುವ ಇಲಿಯ ಕೋಶವನ್ನು ಕ್ಯಾನ್ಸರ್ ಕೋಶದ ಜೊತೆ ಬೆಸೆದು, ಒಂದೇ ಬಗೆಯ ಆಂಟಿಬಾಡಿಯನ್ನು ಬೇಕಾದಷ್ಟು ಪಡೆಯಬಹುದು ಎಂದು ತೋರಿಸಿದರು. 1986ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೊದಲ ಆಂಟಿಬಾಡಿ ಔಷಧಿ ಪೂರ್ತಿ ಇಲಿಯದ್ದೇ. ಬದಲಿ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ ಕೊಡುತ್ತಿದ್ದರು. ಆದರೆ ರೋಗಿಯ ಮೈ ಆ ಔಷಧಿಯ ಮೇಲೇ ಯುದ್ಧ ಹೂಡುತ್ತಿತ್ತು. ಮಾಲಿಕ್ಯುಲರ್ ಬಯಾಲಜಿಯವರಿಗೆ ಕೆಲಸ ಬಿದ್ದದ್ದು ಅಲ್ಲೇ. ಜೀನಿನಲ್ಲಿ ಗುರಿಗೆ ಅಂಟುವ ತುದಿಯನ್ನಷ್ಟೇ ಉಳಿಸಿ, ಮಿಕ್ಕಿದ್ದನ್ನು ಮನುಷ್ಯರದ್ದಾಗಿ ಬದಲಾಯಿಸಿದರು. ಆಮೇಲೆ ಬ್ಯಾಕ್ಟೀರಿಯಾಕ್ಕೆ ತಗುಲುವ ವೈರಸ್‌ಗಳ ಮೇಲೆ ಕೋಟಿಗಟ್ಟಲೆ ಆಂಟಿಬಾಡಿ ತುಂಡು ಕೂರಿಸಿ ಬೇಕಾದ್ದನ್ನು ಆರಿಸುವ ವಿಧಾನ ಬಂತು. ಅದಕ್ಕೆ 2018ರಲ್ಲಿ ನೊಬೆಲ್ ಕೂಡ ಬಂತು.

"ಮತ್ತೆ ಹ್ಯಾಮ್‌ಸ್ಟರ್ ಅನ್ನೋ ಇಲಿಯಂಥ ಪ್ರಾಣಿಯ ಕೋಶ ಬಳಸ್ತಾರಂತಲ್ಲ?" ಅಂತ ಗೂಗಲ್ ನೋಡಿ ಬಂದವರು ಕೇಳುತ್ತಾರೆ. 1957ರ ಸುಮಾರಿಗೆ ಒಂದು ಚೀನೀ ಹ್ಯಾಮ್‌ಸ್ಟರಿನ ಅಂಡಾಶಯದಿಂದ ತೆಗೆದ ಕೋಶಗಳ ಸಂತತಿ ಇವತ್ತಿಗೂ ಬೆಳೆಯುತ್ತಿದೆ. ನಿನ್ನೆಯ ಮೊಸರಿನಿಂದ ಇವತ್ತಿಗೆ ಹೆಪ್ಪು ಹಾಕಿದ ಹಾಗೆ. ನಿಮ್ಮ ಮಗಳು ಆ ಕೋಶಗಳಿಗೆ ಆಂಟಿಬಾಡಿಯ ಜೀನ್ ಸೇರಿಸುತ್ತಾಳೆ. 96 ಗುಳಿಗಳ ತಟ್ಟೆಯಲ್ಲಿ ಗುಳಿಗೊಂದೇ ಕೋಶ ಬೀಳುವಂತೆ ಹಂಚುತ್ತಾಳೆ. ನಿಜಕ್ಕೂ ಒಂದೇ ಇದೆಯಾ ಅಂತ ಮೈಕ್ರೋಸ್ಕೋಪಿನಲ್ಲಿ ಒಂದೊಂದೇ ಗುಳಿ ನೋಡುತ್ತಾಳೆ. ಆಮೇಲೆ ವಾರಗಟ್ಟಲೆ ಕಾಯುವುದು. ಜಾಸ್ತಿ ಗುಳಿ ದಂಡವೇ. ಚೆನ್ನಾಗಿ ಆಂಟಿಬಾಡಿ ಸುರಿಸುವ ಒಂದು ಕೋಶ ಸಿಕ್ಕಿದರೆ ಅದರ ಪೀಳಿಗೆ ದೊಡ್ಡ ಟ್ಯಾಂಕಿಗೆ ಹೋಗುತ್ತದೆ. ಈ ಕೆಲಸದಲ್ಲಿ ಬೇಸರ ಏನಿದ್ದರೂ ಕಾಯುವುದರದ್ದು. ಹೊಸ ಔಷಧಿಯ ಸುರಕ್ಷತೆಯನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ಇನ್ನೂ ಇದೆ, ಸುಮ್ನೆ ಯಾಕೆ ಮುಚ್ಚಿಡಲಿ. ಅದು ಬೇರೆ ವಿಭಾಗ, ಬೇರೆ ತರಬೇತಿ.

ಪ್ರಾಣಿಯ ರಕ್ತದಿಂದ ಮಾಡುವ ಔಷಧಿ ನೋಡಬೇಕಾ? ಹಾವು ಕಚ್ಚಿದಾಗ ಕೊಡುವ ಇಂಜೆಕ್ಷನ್ ಕುದುರೆ ರಕ್ತದ್ದು. ಅದನ್ನು ಯಾರೂ ಪ್ರಶ್ನಿಸುವುದಿಲ್ಲ, ಅಲ್ವಾ? ನಾಯಿ ಕಚ್ಚಿದರೆ ಕೊಡುವ ಸೀರಮ್ ಕೂಡ ಕುದುರೆಯದ್ದು, ಇಲ್ಲವೇ ಮನುಷ್ಯರದ್ದು. ಅದಕ್ಕೆ ಬದಲಾಗಿ ಟ್ಯಾಂಕಿನಲ್ಲಿ ಬೆಳೆಸಿದ ಆಂಟಿಬಾಡಿಯನ್ನು ನಮ್ಮ ಹಡಪ್ಸರಿನ ಸೀರಮ್ ಇನ್‌ಸ್ಟಿಟ್ಯೂಟೇ ತಂದಿದೆ, ಅಮೆರಿಕದ ಮಾಸ್‌ಬಯಾಲಾಜಿಕ್ಸ್ ಜೊತೆ ಸೇರಿ. ಹೆಸರು ರೇಬಿಶೀಲ್ಡ್.

ನೀವು ಕೇಳಿಲ್ಲ, ಆದರೂ ನಾಯಿ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಕಚ್ಚಿ ರಕ್ತ ಬಂದಿದ್ದರೆ, ಮೊದಲು ರೇಬಿಸ್ ಲಸಿಕೆ ಹಾಕಿಸಿಕೊಂಡಿರದವರಿಗೆ ಬರೀ ಲಸಿಕೆ ಸಾಲದು. ಅದರಿಂದ ಮೈ ತನ್ನದೇ ಆಂಟಿಬಾಡಿ ಮಾಡಿಕೊಳ್ಳಲು ವಾರದ ಮೇಲಾಗುತ್ತದೆ. ಅಷ್ಟರವರೆಗೆ ಕಾಪಾಡಲು, ತಯಾರಾದ ಆಂಟಿಬಾಡಿಯನ್ನು ಗಾಯದ ಒಳಗೆ, ಸುತ್ತಲೂ ಚುಚ್ಚುತ್ತಾರೆ. ಮನೆಯಲ್ಲೇ 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ಗಾಯ ತೊಳೆದು ಹೊರಡಿ. ಅರಿಶಿನ, ಸುಣ್ಣ ಮೆತ್ತಬೇಡಿ. ಆಸ್ಪತ್ರೆಯಲ್ಲಿ ತೋಳಿಗೆ ಲಸಿಕೆ ಮಾತ್ರ ಕೊಟ್ಟು ಕಳಿಸಿದರೆ, "ಗಾಯಕ್ಕೆ ಆಂಟಿಬಾಡಿ ಇಂಜೆಕ್ಷನ್ ಬೇಡವಾ?" ಅಂತ ಬಾಯಿಬಿಟ್ಟು ಕೇಳಿ.