‘ರಾಜಿ’ ಎಂದು ಬರೆಯಬೇಡಿ

ಕೆನಡಾದಲ್ಲಿ ಸೆಪ್ಟೆಂಬರ್ 30, ಮನೆಯಿಂದ ಬಿಡಿಸಿ ವಸತಿಶಾಲೆಗಳಿಗೆ ಸೇರಿಸಿದ ಮೂಲನಿವಾಸಿ ಮಕ್ಕಳನ್ನು ನೆನೆಯುವ ‘ಟ್ರೂತ್ ಅಂಡ್ ರಿಕನ್ಸಿಲಿಯೇಶನ್’ ದಿನ. ಅದನ್ನು ‘ಸತ್ಯ ಮತ್ತು ರಾಜಿ ದಿನ’ ಎಂದು ಕನ್ನಡಿಸಿ, ಕಿತ್ತಳೆ ಬಣ್ಣದ ಅಂಗಿಯ ಚಿತ್ರದ ಕೆಳಗೆ ‘ಹಾರ್ದಿಕ ಶುಭಾಶಯಗಳು’ ಎಂದು ಬರೆದದ್ದನ್ನು ಮತ್ತೊಮ್ಮೆ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ.

‘ರಾಜಿ’ ಅರಬ್ಬಿಯಿಂದ ಪಾರಸಿಯ ಮೂಲಕ ನಮ್ಮ ಕಚೇರಿಗಳಿಗೆ ಬಂದ ಮಾತು. ‘ಒಪ್ಪಿಗೆಯುಳ್ಳ’ ಎಂಬುದು ಅದರ ಮೂಲಾರ್ಥ. ಒಪ್ಪಿಗೆಯ ಪತ್ರವಾಗಿದ್ದ ರಾಜೀನಾಮೆ ಕನ್ನಡದಲ್ಲಿ ಹುದ್ದೆ ಬಿಡುವ ಪತ್ರವಾದದ್ದು ಬೇರೆ ಕತೆ. ನ್ಯಾಯಾಲಯದಲ್ಲಿ ರಾಜಿಯೆಂದರೆ ವಾದಿ ಪ್ರತಿವಾದಿಗಳಿಬ್ಬರೂ ಪಟ್ಟು ಸಡಿಲಿಸುವುದು, ಅಲ್ಲಿಗೆ ಮೊಕದ್ದಮೆ ಮುಗಿಯುವುದು. ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಅವರ ಭಾಷೆ ಮತ್ತು ಮನೆತನದಿಂದ ಬಿಡಿಸಲೆಂದೇ ಸರ್ಕಾರ ಮತ್ತು ಚರ್ಚುಗಳು ನಡೆಸಿದ ವಸತಿಶಾಲೆಗಳ ವಿಷಯದಲ್ಲಿ ಆ ಮಕ್ಕಳು ಸಡಿಲಿಸಬೇಕಾದ ಪಟ್ಟು ಯಾವುದು?

‘ಸಂಧಾನ’ ಇದಕ್ಕಿಂತ ವಾಸಿ, ಆದರೂ ಸಾಲದು. ಸಂಧಿಗೂ ಸಂಧಾನಕ್ಕೂ ಧಾತು ಒಂದೇ, ಕೂಡಿಸಿಡುವುದು ಎಂದರ್ಥ. ಮುರಿದ ಮೂಳೆ ಕೂಡುವುದನ್ನು ಆಯುರ್ವೇದವೂ ಸಂಧಾನವೆಂದೇ ಕರೆಯುತ್ತದೆ. ಈ ಅರ್ಥವೊಂದೇ ಉಳಿದಿದ್ದರೆ ನನ್ನ ತಕರಾರಿರಲಿಲ್ಲ. ಆದರೆ ಇಂದಿನ ಓದುಗರಿಗೆ ಸಂಧಾನವೆಂದೊಡನೆ ನೆನಪಾಗುವುದು ಕೌರವರ ಸಭೆಗೆ ಹೋದ ಕೃಷ್ಣ, ಇಲ್ಲವೇ ಮುಷ್ಕರದ ಮಾತುಕತೆ. ‘ಪುನರ್ಮಿಲನ’ವಂತೂ ಹಿಂದೊಮ್ಮೆ ಎಲ್ಲವೂ ಚೆನ್ನಾಗಿತ್ತು ಎಂದು ಸೂಚಿಸುತ್ತದೆ; ಅಂಥ ಸ್ಥಿತಿ ಎಂದೂ ಇರಲಿಲ್ಲವೆಂದು ಮೂಲನಿವಾಸಿಗಳಲ್ಲಿ ಅನೇಕರು ಹೇಳಿರುವುದನ್ನು 2015ರಲ್ಲಿ, ಆ ಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಕೆನಡಾದ ಸತ್ಯಶೋಧನಾ ಆಯೋಗವೇ ದಾಖಲಿಸಿದೆ.

ಆಯೋಗದ ಪ್ರಕಾರ ‘ರಿಕನ್ಸಿಲಿಯೇಶನ್’ ಎಂಬ ಪದದಲ್ಲಿ ನಡೆದದ್ದನ್ನು ಅರಿಯುವುದು, ಮಾಡಿದ ಹಾನಿಯನ್ನು ಒಪ್ಪಿಕೊಳ್ಳುವುದು, ಪ್ರಾಯಶ್ಚಿತ್ತ ಮತ್ತು ನಡತೆಯ ಬದಲಾವಣೆ ಎಲ್ಲವೂ ಸೇರಿವೆ. ಕ್ರಮ ಕೈಗೊಳ್ಳಿ ಎಂದು ಅದು ಮುಂದಿಟ್ಟ 94 ಕರೆಗಳಲ್ಲಿ ಶಾಲೆಯಿಂದ ಮರಳದ ಮಕ್ಕಳ ಹೆಸರುಗಳ ದಾಖಲೆ, ಸಮಾಧಿಗಳ ಗುರುತು ಕೂಡ ಇವೆ. ಇವುಗಳ ಹೊಣೆ ಮೊದಲಿಗೆ ಸರ್ಕಾರ ಮತ್ತು ಚರ್ಚುಗಳದು.

ಇನ್ನು ಆ ಅಂಗಿ. 1973ರಲ್ಲಿ ಆರು ವರ್ಷದ ಮೂಲನಿವಾಸಿ ಬಾಲಕಿ ಫಿಲಿಸ್ ವೆಬ್‌ಸ್ಟಾಡ್‌ಗೆ ಅಜ್ಜಿ ಹೊಸ ಕಿತ್ತಳೆ ಅಂಗಿ ಕೊಡಿಸಿದ್ದರು. ಬ್ರಿಟಿಷ್ ಕೊಲಂಬಿಯಾದ ವಸತಿಶಾಲೆಯಲ್ಲಿ ಮೊದಲ ದಿನವೇ ಅದನ್ನು ಕಳಚಿಸಿಕೊಂಡರು, ಮತ್ತೆ ಕೊಡಲಿಲ್ಲ. ಅದನ್ನು ನೆನೆಯುವ ದಿನಕ್ಕೆ ‘ಸ್ಮರಣೆ’ ಎಂಬ ಪದವಿರುವಾಗ ಹಬ್ಬದ ಭಾಷೆ ಏಕೆ? ತಲೆಬರಹಕ್ಕೆ ‘ಸತ್ಯ ಮತ್ತು ಸಂಬಂಧ ಸುಧಾರಣೆ’ ಎನ್ನಬಹುದು. ಅದು ಉದ್ದವಾಯಿತು ಎನ್ನುವವರು ‘ರಿಕನ್ಸಿಲಿಯೇಶನ್’ ಎಂದೇ ಬರೆದು, ಕೆಳಗೆ ಒಂದು ಸಾಲಿನ ವಿವರಣೆ ಕೊಡಲಿ.